ಎರೆ ಹೊಲಕ್ಕೊಂದು ಮಳೆಯ ವಹಿ

ಚಿತ್ತಾಪುರ ತಾಲ್ಲೂಕಿನ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮುಖ್ಯ ಬೆಳೆ ತೊಗರಿ, ಜೊತೆಗೆ ಹೆಸರು. ನೀರಾವರಿ ಇಲ್ಲ, ಬಿತ್ತನೆಯಿಂದ ರಾಶಿಯವರೆಗೆ ಎಲ್ಲಕ್ಕೂ ಮುಗಿಲೇ ಗತಿ. ಮಳೆಯ ಮುನ್ಸೂಚನೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅದು ನನ್ನ ಹೊಲದ ಕೆಲಸಕ್ಕೆ ಬಂದದ್ದು ಮಾತ್ರ ನಾನೇ ಮಳೆ ಅಳೆಯಲು ತೊಡಗಿದ ಮೇಲೆ.

ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಸಪಾಟು ತಳದ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ದೂರ, ಬಯಲಿನ ಕಂಬಕ್ಕೆ ನೆಟ್ಟಗೆ ಕಟ್ಟಿದ್ದೇನೆ. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಅಳೆದು ವಹಿಯಲ್ಲಿ ಬರೆಯುತ್ತೇನೆ. 10 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 40 ಸಾವಿರ ಲೀಟರ್ ನೀರು. ಈ ಲೆಕ್ಕ ಮನಸ್ಸಿನಲ್ಲಿ ಕುಳಿತವನು ಬದುವನ್ನು ಒಡೆದುಹೋಗಲು ಬಿಡುವುದಿಲ್ಲ.

ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮುಂದಿನ ಐದು ದಿನಗಳ ಮುನ್ಸೂಚನೆ ಅದರಲ್ಲಿರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಅದನ್ನು ಓದಬಹುದು. ಅನುಮಾನವಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ, ಊರು, ಹೋಬಳಿ ಹೇಳಿ ಕೇಳುತ್ತೇನೆ. ‘ಒಂದೆರಡು ಕಡೆ ಮಳೆ’ ಎಂದಿದ್ದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಅಥವಾ ಅದಕ್ಕೂ ಕಡಿಮೆಗೆ ಮಾತ್ರ ಮಳೆಯ ನಿರೀಕ್ಷೆ ಇದೆ ಎಂದರ್ಥ. ಅಂಥ ಮಳೆಯನ್ನು ನಂಬಿ ನಾನು ಬೀಜ ಹಾಕುವುದಿಲ್ಲ.

ಮೃಗಶಿರಾ ಮಳೆ ಒಮ್ಮೆ ಜೋರಾಗಿ ಬಿದ್ದರೆ ಊರಿನಲ್ಲಿ ಬಿತ್ತನೆಯ ಕೂರಿಗೆಗಳು ಹೊರಬೀಳುತ್ತವೆ. ನಾನು ವಹಿ ನೋಡುತ್ತೇನೆ. ವಾರದೊಳಗಿನ ಮೊತ್ತ 60 ಮಿ.ಮೀ. ದಾಟಿರಬೇಕು, ಗೇಣುದ್ದ ಅಗೆದರೂ ಮಣ್ಣು ಹಸಿಯಾಗಿರಬೇಕು. ಬಿಸಿಲಿಗೆ ಬಾಯಿಬಿಟ್ಟ ಎರೆ ಮೊದಲ ಮಳೆಯನ್ನೆಲ್ಲ ಬಿರುಕುಗಳಲ್ಲೇ ನುಂಗುತ್ತದೆ. ಮೇಲಿನ ತೇವ ನೋಡಿ ಬಿತ್ತಿದರೆ ಮೊಳಕೆ ಒಣಗುತ್ತದೆ. ಹಾಗೆಂದು ಬಹಳ ಕಾಯುವುದೂ ಸರಿಯಲ್ಲ, ಹೆಸರಿಗೆ ಹಂಗಾಮು ಮೀರುತ್ತದೆ.

ಅತ್ಯಂತ ಕಠಿಣವಾದದ್ದು ಹೆಸರು ಕಟಾವು. ಕಾಯಿ ಮಾಗುವುದು ಆಗಸ್ಟ್‌ನಲ್ಲಿ, ಮಳೆ ಸುರಿಯುವ ಕಾಲದಲ್ಲಿ. ಮಾಗಿದ ಕಾಯಿ ನೆನೆದರೆ ಗಿಡದಲ್ಲೇ ಮೊಳೆಯುತ್ತದೆ, ಕಾಳು ಕಪ್ಪಾಗುತ್ತದೆ. ಐದು ದಿನಗಳ ಮುನ್ಸೂಚನೆಯ ಬೆಲೆ ನನಗೆ ಚೆನ್ನಾಗಿ ತಿಳಿದಿರುವುದು ಇಲ್ಲಿಯೇ: ನಾಲ್ಕನೆಯ ದಿನ ಮಳೆ ಕಂಡರೆ, ಎಲ್ಲ ಕಾಯಿ ಮಾಗಲಿ ಎಂದು ಕಾಯದೆ, ಮಾಗಿದಷ್ಟನ್ನು ಆಳುಗಳಿಂದ ಬಿಡಿಸಿಬಿಡುತ್ತೇನೆ. ಕೂಲಿ ಹೆಚ್ಚಾಗುತ್ತದೆ ನಿಜ, ಆದರೆ ಕಾಳು ಉಳಿಯುತ್ತದೆ. ಅದೇ ಮಳೆಗೆ ಮುಂಚೆ ತೊಗರಿ ಸಾಲುಗಳ ನಡುವಿನ ಬಸಿಗಾಲುವೆಗಳನ್ನೂ ಬಿಡಿಸಿಕೊಳ್ಳಬೇಕು, ಏಕೆಂದರೆ ತೊಗರಿಯ ಬೇರು ನಿಂತ ನೀರನ್ನು ತಾಳದು. ತೊಗರಿ ಹೂ ಬಿಟ್ಟ ಮೇಲೆ ಮೋಡ ಕವಿದ ದಿನಗಳು ಹೆಚ್ಚಿದರೆ ಕಾಯಿಕೊರಕ ಹುಳು ಇದೆಯೇ ಎಂದು ಗಿಡ ಅಲುಗಿಸಿ ನೋಡುತ್ತೇನೆ. ಔಷಧಿ ಸಿಂಪಡಣೆ ಮಳೆ, ಗಾಳಿ ಇಲ್ಲದ ದಿನಕ್ಕೆ.

ವಹಿಯ ಇನ್ನೊಂದು ಉಪಯೋಗ ಬೆಳೆ ವಿಮೆಗೆ. ಹೊಲ ಜಲಾವೃತವಾದರೆ 72 ಗಂಟೆಯೊಳಗೆ ತಿಳಿಸಬೇಕು, ಆಗ ಯಾವ ದಿನ ಎಷ್ಟು ಸುರಿಯಿತೆಂದು ತಡವರಿಸುವಂತಿಲ್ಲ.

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿರುವ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳುಹಿಸುತ್ತವೆ. ಆ ಅಂಕಿಯನ್ನು ದಿನವೂ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಿದ್ದೇನೆ. ಮೊಬೈಲ್ ಇಲ್ಲದವರೂ ಬಿತ್ತುತ್ತಾರಲ್ಲವೇ?