ಮೊದಲ ವಾರದಲ್ಲೇ ಕೇಳಿಬಿಡಿ

ಹೊರದೇಶಕ್ಕೆ ಓದಲು ಹೋಗಿ ಅಲ್ಲಿ ಒಂದು ಕುಟುಂಬದ ಜೊತೆ ಉಳಿಯುವ ಮಕ್ಕಳಿಗೆ ನಾನು ಮೊದಲು ಹೇಳುವುದು ಒಂದೇ. ಸಂಕೋಚ ಬಿಟ್ಟು ಮೊದಲ ವಾರದಲ್ಲೇ ಎಲ್ಲಾ ಕೇಳಿಬಿಡಿ. ಆ ವಾರ ನೀವು ಹೊಸಬರು, ಏನು ಕೇಳಿದರೂ ನಡೆಯುತ್ತದೆ. ಎರಡು ತಿಂಗಳಾದ ಮೇಲೆ "ವಾಷಿಂಗ್ ಮಷೀನ್ ಹೇಗೆ ಹಾಕೋದು" ಅಂತ ಕೇಳಲು ನಿಮಗೇ ನಾಚಿಕೆಯಾಗುತ್ತದೆ. ನಾನು ಹಿಂದೆ ವಿದ್ಯಾರ್ಥಿಯಾಗಿ ಬೇರೆಯವರ ಮನೆಯಲ್ಲಿ ಎರಡು ವರ್ಷ ಇದ್ದವಳು. ಆಮೇಲೆ ನಮ್ಮ ಮನೆಯಲ್ಲೇ ಇಂಥ ಮಕ್ಕಳನ್ನು ಇಟ್ಟುಕೊಂಡವಳು. ಎರಡೂ ಕಡೆಯ ಕಷ್ಟ ನೋಡಿದ್ದೇನೆ.

ಕೇಳುವುದನ್ನು ಬಚ್ಚಲಿನಿಂದಲೇ ಶುರು ಮಾಡಿ. ಎಷ್ಟೋ ದೇಶಗಳ ಮನೆಗಳಲ್ಲಿ ಬಚ್ಚಲಿನ ನೆಲದಲ್ಲಿ ನೀರು ಹೋಗಲು ಜಾಲರಿಯೇ ಇರುವುದಿಲ್ಲ. ಸ್ನಾನ ಏನಿದ್ದರೂ ಟಬ್ಬಿನೊಳಗೆ, ನೀರು ಹೊರಗೆ ಸಿಡಿಯದಂತೆ ಹೆಚ್ಚಾಗಿ ಅದಕ್ಕೊಂದು ಪರದೆ ಇರುತ್ತದೆ. ನಾನು ಹೋದ ಮೂರನೇ ದಿನ ಪರದೆಯ ಅಂಚನ್ನು ಟಬ್ಬಿನ ಹೊರಗೆ ಬಿಟ್ಟುಕೊಂಡು ಸ್ನಾನ ಮಾಡಿದೆ. ನೀರು ಪರದೆಗುಂಟ ಇಳಿದು ನೆಲ ಸೇರಿತು. ನೆಲದಿಂದ ಮರದ ಹಲಗೆಗಳ ಸಂದಿಗೆ ಹೋಯಿತು. ಸಂಜೆ ನೋಡಿದರೆ ಕೆಳಗಿನ ಅಡುಗೆಮನೆಯ ಚಾವಣಿಯಲ್ಲಿ ಒಂದು ತಟ್ಟೆಯಗಲ ಕಂದು ಕಲೆ. ಮನೆಯಾಕೆ ಬೈಯಲಿಲ್ಲ. ಮೇಲೆ ಕರೆದುಕೊಂಡು ಹೋಗಿ, ಪರದೆಯ ಅಂಚು ಹಿಡಿದು ಟಬ್ಬಿನ ಒಳಕ್ಕೆ ಬಿಟ್ಟು ತೋರಿಸಿದರು, ಅಷ್ಟೇ. ಆದರೆ ಎರಡು ವರ್ಷ ಊಟಕ್ಕೆ ಕೂತಾಗಲೆಲ್ಲ ಆ ಕಲೆ ನನಗೆ ಕಾಣುತ್ತಿತ್ತು. ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬಿಸಿನೀರಿನ ಲೆಕ್ಕವನ್ನೂ ತಿಳಿದುಕೊಳ್ಳಿ. ಟ್ಯಾಂಕಿನಲ್ಲಿ ಕಾಯಿಸಿಟ್ಟ ನೀರಾದರೆ ಅದು ಮುಗಿದುಹೋಗುತ್ತದೆ, ಮತ್ತೆ ಕಾಯಲು ಹೊತ್ತು ಬೇಕು. ಸಾಮಾನ್ಯ ಷವರ್‌ನಲ್ಲಿ ನಿಮಿಷಕ್ಕೆ ಸುಮಾರು 8ರಿಂದ 10 ಲೀಟರ್ ಹೋಗುತ್ತದೆ. ನೀವು 15 ನಿಮಿಷ ನಿಂತರೆ 120ರಿಂದ 150 ಲೀಟರ್ ಆಯಿತು ಅಲ್ವಾ? ನಿಮ್ಮ ಹಿಂದೆ ಹೋದವರಿಗೆ ತಣ್ಣೀರೇ ಗತಿ. ಬೆಳಿಗ್ಗೆ ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಅಂತ ಕೇಳಿ, ನಿಮ್ಮ ಸರದಿ ಗೊತ್ತುಮಾಡಿಕೊಳ್ಳಿ.

ಇನ್ನು ಸಣ್ಣ ಸಣ್ಣವು. ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಸಾಮಾನಿನ ಮೇಲೆ 100–240 ವೋಲ್ಟ್ ಅಂತ ಬರೆದಿದ್ದರೆ ಚಿಂತೆಯಿಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಕೂದಲು ಒಣಗಿಸುವ ಯಂತ್ರಕ್ಕೆ ಅದು ಬರೆದಿಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಪಾತ್ರೆ ತೊಳೆಯುವ ಮಷೀನಿಗೆ ಕೈಯಲ್ಲಿ ತಿಕ್ಕುವ ಸೋಪಿನ ನೀರು ಹಾಕಬೇಡಿ, ನೊರೆ ಉಕ್ಕಿ ಅಡುಗೆಮನೆಯೆಲ್ಲ ಹರಿಯುತ್ತದೆ. ಒದ್ದೆ ಬಟ್ಟೆಯನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹರವಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅಡುಗೆಯ ಹೊಗೆಗೇ ಹೊಗೆಯ ಅಲಾರಾಂ ಕೂಗಿದರೆ ಕಿಟಕಿ ತೆರೆಯಿರಿ. ಅದಕ್ಕೆ ಬಟ್ಟೆ ಕಟ್ಟುವುದು, ಬ್ಯಾಟರಿ ತೆಗೆಯುವುದು ಮಾತ್ರ ಬೇಡವೇ ಬೇಡ. ತಾನೇ ಲಾಕ್ ಆಗುವ ಮುಂಬಾಗಿಲಾದರೆ ಕಸ ಹಾಕಿ ಬರಲು ಹೋಗುವಾಗಲೂ ಕೀ ಜೇಬಿನಲ್ಲಿರಲಿ.

ಊಟದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು, ತುಂಬಾ ಒಳ್ಳೆಯವಳು. ಏನು ಬಡಿಸಿದರೂ "ಚೆನ್ನಾಗಿದೆ" ಅನ್ನುವಳು. ನಾಲ್ಕು ತುತ್ತು ತಿಂದು "ಹೊಟ್ಟೆ ತುಂಬಿತು" ಅಂತ ಏಳುವಳು. ಮೂರು ವಾರ ಕಳೆಯಿತು. ಒಂದು ದಿನ ಕಸದ ಬುಟ್ಟಿ ಖಾಲಿ ಮಾಡುವಾಗ ನೋಡಿದರೆ, ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ ಬಿಸ್ಕತ್ತಿನ ಖಾಲಿ ಪ್ಯಾಕೆಟ್‌ಗಳು. ಒಂದೆರಡಲ್ಲ, ಒಂಬತ್ತು. ಮಗು ನಮ್ಮ ಮನೆಯಲ್ಲಿ ಹಸಿದುಕೊಂಡು ಮಲಗುತ್ತಿತ್ತಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು. ನಮಗೆ ಬೇಸರ ಆಗಬಾರದು ಅಂತ ಅವಳು ಹೇಳಿರಲಿಲ್ಲ. ಸುಮ್ನೆ ಇದ್ದದ್ದೇ ಜಾಸ್ತಿ ನೋವಾಯಿತು. ಆಮೇಲೆ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು: ಏನು ತಿನ್ನುತ್ತಾಳೆ, ಏನು ಆಗುವುದಿಲ್ಲ, ಯಾವ ದಿನ ಅವಳೇ ಅಡುಗೆ ಮಾಡಿಕೊಳ್ಳಬಹುದು, ಫ್ರಿಜ್ಜಿನಲ್ಲಿ ಅವಳ ಅರೆ ಯಾವುದು. ಆ ಹಾಳೆ ಮೊದಲ ದಿನವೇ ಆಗಬೇಕಿತ್ತು. ನೀವೂ ಮಾಡಿ. ಯಾವುದಾದರೂ ತಿಂದರೆ ಮೈಗೆ ಆಗುವುದಿಲ್ಲ ಅನ್ನುವುದಿದ್ದರೆ ಹೋಗುವ ಮೊದಲೇ ಬರೆದು ತಿಳಿಸಿ. ಅಲ್ಲಿ ಹೋಗಿ ತಟ್ಟೆಯ ಮುಂದೆ ಕೂತು ಹೇಳುವ ಮಾತಲ್ಲ ಅದು.

ಮನೆಗೆ ಫೋನ್ ಮಾಡುವುದನ್ನು ಬಿಡಬೇಡಿ, ಆದರೆ ಹೊತ್ತು ನೋಡಿಕೊಳ್ಳಿ. ನಿಮ್ಮ ಊರಿನಲ್ಲಿ ಬೆಳಗಾದಾಗ ಅಲ್ಲಿ ನಡುರಾತ್ರಿ ಇರಬಹುದು. ಗೋಡೆ ತೆಳುವಾದರೆ ಪಕ್ಕದ ಕೋಣೆಯವರ ನಿದ್ದೆ ಹೋಯಿತು. ಬರುವುದು ತಡವಾದರೆ ಒಂದು ಮೆಸೇಜ್ ಹಾಕಿ. ಅವರು ನಿಮ್ಮನ್ನು ಕಾಯುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ದಿನಕ್ಕೆ ಅರ್ಧ ಗಂಟೆಯಾದರೂ ಬಾಗಿಲು ಹಾಕಿಕೊಳ್ಳದೆ ಅವರ ಜೊತೆ ಕೂತಿರಿ. ಭಾಷೆ ಬರದಿದ್ದರೂ ತಟ್ಟೆ ಒರೆಸಲು ಬರುತ್ತದೆ ಅಲ್ವಾ? ನನಗೆ ಆ ಭಾಷೆ ನಾಲಿಗೆಗೆ ಹತ್ತಿದ್ದು ಪಾತ್ರೆ ಒರೆಸುವಾಗಲೇ.

ಎಷ್ಟು ಹೊಂದಿಕೊಂಡರೂ ಕೆಲವು ಮನೆ ಆಗಿಬರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಮಾತಾಡಿ ನೋಡಿ, ಆಗದಿದ್ದರೆ ಕಾಲೇಜಿನಲ್ಲಿ ವಸತಿ ನೋಡಿಕೊಳ್ಳುವವರಿಗೆ ತಿಳಿಸಿ ಮನೆ ಬದಲಿಸಿಕೊಳ್ಳಿ. ಆದರೆ ಭಯ ಹುಟ್ಟಿಸುವಂಥದ್ದು, ಮೈ ಮುಟ್ಟುವಂಥದ್ದು ನಡೆದರೆ ಮಾತುಕತೆಗೆ ಕಾಯಬೇಡಿ. ಆ ಕ್ಷಣವೇ ಹೊರಗೆ ಬನ್ನಿ, ಫೋನ್ ಮಾಡಿ. ತುರ್ತು ಕರೆಗೆ ಯುರೋಪಿನ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999 ಕೂಡ ಇದೆ, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000. ನೀವು ಹೋಗುವ ದೇಶದ್ದು ಯಾವುದು ಅಂತ ನೋಡಿ ಬರೆದುಕೊಳ್ಳಿ. ಅದರ ಕೆಳಗೆ ಆ ಮನೆಯ ಪೂರ್ತಿ ವಿಳಾಸ, ಕಾಲೇಜಿನವರ ನಂಬರ್. ಫೋನಿನಲ್ಲಿ ಇದ್ದರೆ ಸಾಲದು, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.