ಬ್ರೇಕ್ ಪೆಡಲ್ ಗಟ್ಟಿಯಾಗಿದೆಯಾ? ಮೊದಲು ಪೈಪ್ ನೋಡಿ

ಆಗುಂಬೆ ಘಾಟಿ ಇಳಿಯುವಾಗ ನಮ್ಮ ಹಳೆ ಕಾರಿನ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿಬಿಟ್ಟಿತ್ತು. ಶಿವಮೊಗ್ಗದಲ್ಲಿ ಒಬ್ಬರು ಬೂಸ್ಟರ್ (ಎಂಜಿನ್ ಗಾಳಿ ಎಳೆಯುವ ಬಲದಿಂದ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಪೂರ್ತಿ ಬದಲಿಸಬೇಕು ಎಂದರು. ಸುಮ್ನೆ ಒಪ್ಪಿಕೊಳ್ಳಬೇಡಿ.

ಎಂಜಿನ್ ಆಫ್ ಮಾಡಿ ಪೆಡಲನ್ನು 4-5 ಸಲ ಒತ್ತಿ. ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಎಂಜಿನ್‌ನಿಂದ ಬೂಸ್ಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ನೋಡಿ. ನಮ್ಮದು ಕ್ಲಿಪ್ ಹತ್ತಿರ ಸೀಳಿತ್ತು, ಪೈಪ್ ಬದಲಿಸಿದ್ದಕ್ಕೇ ಸರಿಹೋಯಿತು. ಅದರ ವಾಲ್ವ್ ಬಿಚ್ಚಿ ಊದಿ ನೋಡಿ, ಗಾಳಿ ಒಂದೇ ಕಡೆಗೆ ಹೋಗಬೇಕು. ನೀರಿನ ಪೈಪ್ ಹಾಕಬೇಡಿ, ಎಂಜಿನ್ ಎಳೆತಕ್ಕೆ ಅಪ್ಪಚ್ಚಿಯಾಗುತ್ತದೆ.

ಪೆಡಲ್ ನೆಲಕ್ಕೇ ಹೋಗುತ್ತಿದ್ದರೆ ಅದು ಬೇರೆ ತೊಂದರೆ. ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ. ಪೆಟ್ರೋಲ್ ಉಳಿಸೋಣ ಅಂತ ಘಾಟಿಯಲ್ಲಿ ಎಂಜಿನ್ ಆಫ್ ಮಾಡಲೇಬೇಡಿ, ಬೂಸ್ಟರ್ ಕೈಕೊಡುತ್ತದೆ.