ತಂಬಾಕಿನ ಸೀಮೆಯಲ್ಲಿ ಶೇಂಗಾ, ತೊಗರಿ: ಮಲಾವಿಯಲ್ಲಿ ನನ್ನ ಅನುಭವ

ಆಫ್ರಿಕಾದ ಮಲಾವಿ ದೇಶಕ್ಕೆ ಸಮುದ್ರವಿಲ್ಲ. ರಫ್ತಿನಿಂದ ಬರುವ ಡಾಲರಿನಲ್ಲಿ ಹೆಚ್ಚುಕಮ್ಮಿ ಅರ್ಧ ತಂಬಾಕಿನಿಂದಲೇ ಬರುತ್ತಿತ್ತು. ಡೀಸೆಲ್, ಔಷಧಿ, ರಸಗೊಬ್ಬರ ಎಲ್ಲವನ್ನೂ ಆ ಡಾಲರಿನಲ್ಲೇ ತರಿಸಬೇಕು. ಹೊರಗಿನವರು ಸಿಗರೇಟು ಕಮ್ಮಿ ಮಾಡಿದರೆ ಇಲ್ಲಿಯ ಆಸ್ಪತ್ರೆಯಲ್ಲಿ ಮಾತ್ರೆಗೆ ತತ್ವಾರ. ಬೇರೆ ಬೆಳೆಗಳನ್ನೂ ತರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಕಸುಂಗು ಜಿಲ್ಲೆಯಲ್ಲಿ ರೈತರ ಗುಂಪುಗಳ ಜೊತೆ ಆ ಕೆಲಸ ಮಾಡಿದವನು ನಾನು. ಅದನ್ನು ಹೇಗೆ ಮಾಡಿದೆವು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿಯ ರೈತರಿಗೆ ತಂಬಾಕಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಸಸಿಮಡಿಯಿಂದ ಹರಾಜಿನವರೆಗೆ ಮೈಮುರಿಯುವ ಕೆಲಸ. ಎಲೆ ಒಣಗಿಸುವ ಚಪ್ಪರಕ್ಕೆ ಗಳ ಕಡಿದೂ ಕಡಿದೂ ಕಾಡು ತೆಳ್ಳಗಾಗಿತ್ತು. ಆದರೂ ಬಿಡುತ್ತಿರಲಿಲ್ಲ. ಯಾಕೆ ಬಿಡಬೇಕು ಹೇಳಿ? ಕಂಪನಿಯವರು ಮಳೆಗೆ ಮುಂಚೆಯೇ ಬೀಜ, ಗೊಬ್ಬರ ಸಾಲಕ್ಕೆ ಕೊಡುತ್ತಾರೆ. ಎಲೆ ಕೊಳ್ಳುವವರು ಇದ್ದೇ ಇರುತ್ತಾರೆ. ದುಡ್ಡು ಒಟ್ಟಿಗೆ ಕೈಗೆ ಬರುತ್ತದೆ. ಶೇಂಗಾಕ್ಕೆ ಇದ್ಯಾವುದೂ ಇಲ್ಲ. ಸೈಕಲ್ಲಿನಲ್ಲಿ ಬರುವ ದಲ್ಲಾಳಿ ಹೇಳಿದ್ದೇ ರೇಟು, ಅವನ ತಕ್ಕಡಿ ತೋರಿಸಿದ್ದೇ ತೂಕ.

ಹಾಗಾಗಿ ತಂಬಾಕು ಬಿಡಿ ಅಂತ ನಾನು ಯಾರಿಗೂ ಹೇಳಲಿಲ್ಲ. ಒಣಗಿಸೋದು, ಸುಲಿಯೋದು, ಕೂಡಿಡೋದು, ಮಾರೋದು, ಈ ನಾಲ್ಕನ್ನು ಮೊದಲು ಸರಿ ಮಾಡೋಣ ಅಂದೆ. ಯೋಜನೆ ಬರೆಯುವವರು ಸಾಮಾನ್ಯವಾಗಿ ಬೀಜ ಹಂಚುವುದರಿಂದ ಶುರು ಮಾಡುತ್ತಾರೆ. ಫೋಟೊ ಚೆನ್ನಾಗಿ ಬರುತ್ತೆ, ಅಲ್ವಾ?

ಹೊಲದ ಕೆಲಸ ಹೇಳಿಕೊಡುವುದು ಅಷ್ಟು ಕಷ್ಟವಿರಲಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಂದೇ ಮಳೆಗಾಲ. ಹೆಚ್ಚಿನವರಿಗೆ ಇರುವುದೇ ಒಂದು ಹೆಕ್ಟೇರಿನಷ್ಟು ನೆಲ, ಅದರಲ್ಲಿ ಮನೆಯ ಊಟಕ್ಕೆ ಮೆಕ್ಕೆಜೋಳ ಬೆಳೆಯಲೇಬೇಕು. ನಾವು ಶೇಂಗಾ ಬಿತ್ತಿ, ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿಸಿದೆವು. ಮೊದಲ ಎರಡು ಮೂರು ತಿಂಗಳು ತೊಗರಿ ಸೋಮಾರಿ, ಏಳುವುದೇ ಇಲ್ಲ. ಅಷ್ಟರಲ್ಲಿ ಶೇಂಗಾ ಹಬ್ಬಿ ಕಾಯಿ ಕಟ್ಟಿರುತ್ತದೆ. ಶೇಂಗಾ ಕಿತ್ತ ಮೇಲೆ ತೊಗರಿ ಆಳಕ್ಕೆ ಬೇರು ಬಿಟ್ಟು, ನೆಲದಲ್ಲಿ ಉಳಿದ ತೇವದಲ್ಲೇ ಬೆಳೆಯುತ್ತದೆ. ಎರಡೂ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಬೆಳೆಗಳು, ತೊಗರಿಯಂತೂ ಎಲೆ ಉದುರಿಸಿ ನೆಲ ಮುಚ್ಚುತ್ತದೆ. ಮುಂದಿನ ವರ್ಷ ಅದೇ ಜಾಗಕ್ಕೆ ಮೆಕ್ಕೆಜೋಳ. ಯೂರಿಯಾ ಕಮ್ಮಿ ಸಾಕು. ತೊಗರಿ ಕಟ್ಟಿಗೆ ಒಲೆಗೆ ಆಯಿತು, ಹೆಂಗಸರಿಗೆ ಕಾಡಿಗೆ ನಡೆಯುವ ಶ್ರಮ ಉಳಿಯಿತು.

ನಿಜವಾದ ಗುದ್ದಾಟ ಇದ್ದದ್ದು ಶೇಂಗಾ ಕಿತ್ತ ಮೇಲೆ. ಮಲಾವಿ ಒಂದು ಕಾಲದಲ್ಲಿ ಯುರೋಪಿಗೆ ದಪ್ಪ ಬೀಜದ ಚಲಿಂಬಾನಾ ಶೇಂಗಾ ಕಳಿಸುತ್ತಿದ್ದ ದೇಶ. ಆ ಮಾರುಕಟ್ಟೆ ಕೈತಪ್ಪಲು ಒಂದು ದೊಡ್ಡ ಕಾರಣ ಅಫ್ಲಾಟಾಕ್ಸಿನ್, ಅಂದರೆ ಶೇಂಗಾದಲ್ಲಿ ಬೆಳೆಯುವ ಬೂಸ್ಟಿನ ವಿಷ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಲಿವರ್ ಕ್ಯಾನ್ಸರಿಗೆ ದಾರಿ. ನೇರ ತಿನ್ನುವ ಶೇಂಗಾದಲ್ಲಿ ಕಿಲೋಗೆ 4 ಮೈಕ್ರೋಗ್ರಾಂಗಿಂತ ಜಾಸ್ತಿ ಇದ್ದರೆ ಯುರೋಪು ಒಳಗೆ ಬಿಡುವುದಿಲ್ಲ.

ಈ ಬೂಸ್ಟು ಎಲ್ಲಿಂದ ಬರುತ್ತಿತ್ತು ಅನ್ನೋದಕ್ಕೆ ಲ್ಯಾಬ್ ಬೇಕಿರಲಿಲ್ಲ, ಯಾವುದಾದರೂ ಅಂಗಳದಲ್ಲಿ ಕೂತು ನೋಡಿದರೆ ಸಾಕಿತ್ತು. ದಲ್ಲಾಳಿಗೆ ಸುಲಿದ ಬೀಜವೇ ಬೇಕು, ಸಿಪ್ಪೆ ಸಮೇತ ಸಾಗಿಸಿದರೆ ಅವನಿಗೆ ಲಾರಿ ಬಾಡಿಗೆ ದಂಡ. ಹೆಂಗಸರು ಚೀಲಗಟ್ಟಲೆ ಕೈಯಲ್ಲೇ ಸುಲಿಯಬೇಕು. ಒಣಗಿದ ಸಿಪ್ಪೆ ಗಟ್ಟಿ, ಹೆಬ್ಬೆರಳ ತುದಿ ಕಿತ್ತು ಬರುತ್ತದೆ. ಅದಕ್ಕೇ ಕಾಯಿಯ ಮೇಲೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದರು. ವಾರಗಟ್ಟಲೆ ಬಿಸಿಲಲ್ಲಿ ಒಣಗಿಸಿದ್ದು ಒಂದು ತಂಬಿಗೆ ನೀರಿನಲ್ಲಿ ಹಾಳು. ನೀರು ಹಾಕಿದ್ದರಿಂದ ತೂಕವೂ ಸ್ವಲ್ಪ ಏರುತ್ತಿತ್ತು, ಆ ಆಸೆಯೂ ಇತ್ತೆನ್ನಿ. ತಕ್ಕಡಿಯಲ್ಲಿ ಮೋಸ ಮಾಡುವವನಿಗೆ ತೂಕ ಏರಿಸಿ ಕೊಡುವುದು ತಪ್ಪು ಅಂತ ಅವರಿಗೆ ಯಾಕನ್ನಿಸಬೇಕು?

"ನೀರು ಹಾಕಬೇಡಿ" ಅಂತ ಸುಮ್ನೆ ಭಾಷಣ ಮಾಡಿದರೆ ಏನೂ ಆಗುತ್ತಿರಲಿಲ್ಲ. ಕೈಯಲ್ಲಿ ನಡೆಸುವ ಸುಲಿಯುವ ಯಂತ್ರಗಳನ್ನು ಗುಂಪಿನ ಹೆಸರಿನಲ್ಲಿ ತಂದೆವು. ಪರೀಕ್ಷೆ ಮಾಡಿಸಿದ ತಕ್ಕಡಿಯನ್ನು ಗುಂಪೇ ಕೊಂಡಿತು. ಕೊಳ್ಳುವವರ ಜೊತೆ ಕೂತು, ಸಿಪ್ಪೆ ಸಮೇತ ಕೊಳ್ಳುವುದಕ್ಕೂ ಒಂದು ರೇಟು ನಿಗದಿ ಮಾಡಿಸಿದೆವು. ಕಿತ್ತ ಬಳ್ಳಿಗಳನ್ನು ದುಂಡಗೆ ಬಣವೆ ಒಟ್ಟಿಸಿದೆವು. ಕಾಯಿ ಒಳಮುಖ, ಎಲೆ ಹೊರಮುಖ, ನಡುವೆ ಗಾಳಿಯಾಡಲು ಪೊಳ್ಳು. ಅಲ್ಲಿ ಇದಕ್ಕೆ ಮಂಡೇಲಾ ಬಣವೆ ಅನ್ನುತ್ತಾರೆ. ಬಿಸಿಲು ನೇರ ಬೀಳುವುದಿಲ್ಲ, ಕಾಯಿ ಒಳಗಿನ ಗಾಳಿಗೆ ನಿಧಾನಕ್ಕೆ ಒಣಗುತ್ತದೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಅದೇ ನಮ್ಮ ಮೊದಲ ಪರೀಕ್ಷೆ. ತೇವಾಂಶದ ಮೀಟರು ಆಮೇಲೆ. ಪಕ್ಕದ ಮುಚಿಂಜಿ ಜಿಲ್ಲೆಯ ಸಣ್ಣ ರೈತರು ಫೇರ್‌ಟ್ರೇಡ್ (ಬೆಳೆಗಾರರಿಗೆ ನ್ಯಾಯದ ಬೆಲೆ ಕೊಡಿಸುವ ವ್ಯವಸ್ಥೆ) ಮೂಲಕ ಬ್ರಿಟನ್ನಿಗೆ ಶೇಂಗಾ ಕಳಿಸಿದ್ದರು. ಅವರಿಗಾಗಿದ್ದು ನಮಗ್ಯಾಕಾಗಲ್ಲ ಅನ್ನುವ ಹಟ ನಮ್ಮ ಗುಂಪುಗಳಲ್ಲೂ ಇತ್ತು.

ತೊಗರಿಯ ಕತೆ ಬೇರೆ. ಅದನ್ನು ಅಲ್ಲಿ ನಂದೋಲೊ ಅನ್ನುತ್ತಾರೆ. ಮೊದಲ ಶತ್ರು ಆಡು. ಮೆಕ್ಕೆಜೋಳ ಕೊಯ್ದ ಮೇಲೆ ಆಡುಗಳನ್ನು ಹೊಲಕ್ಕೆ ಬಿಟ್ಟು ಮೇಯಿಸುವುದು ರೂಢಿ. ಆಗ ಹಸಿರಾಗಿ ನಿಂತಿರುವುದು ತೊಗರಿ ಒಂದೇ! ಊರ ಮುಖಂಡರ ಎದುರು ಪಂಚಾಯ್ತಿ ಸೇರಿ, ತೊಗರಿ ಕೊಯ್ಯುವವರೆಗೆ ಆಡು ಕಟ್ಟಿ ಮೇಯಿಸಬೇಕು ಅಂತ ಕಟ್ಟಳೆ ಮಾಡಿಕೊಂಡರು. ಆ ಕಟ್ಟಳೆ ಗಟ್ಟಿಯಾಗಿ ನಿಂತ ಊರುಗಳಲ್ಲಿ ತೊಗರಿಯೂ ಉಳಿಯಿತು, ಬೇರೆ ಕಡೆ ಇಲ್ಲ.

ಎರಡನೇ ಪೆಟ್ಟು ಬಿದ್ದದ್ದು ಭಾರತದಿಂದ. 2017ರ ಆಗಸ್ಟ್‌ನಲ್ಲಿ, ಮಲಾವಿಯಲ್ಲಿ ತೊಗರಿ ಸುಗ್ಗಿ ನಡೆಯುತ್ತಿದ್ದಾಗಲೇ, ಭಾರತ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಹಿಂದಿನ ವರ್ಷವೇ ಒಪ್ಪಂದ ಮಾಡಿಕೊಂಡಿದ್ದ ಮೊಜಾಂಬಿಕ್‌ಗೆ ಪ್ರತ್ಯೇಕ ಕೋಟಾ ಇತ್ತು, ಮಲಾವಿಗೆ ಇರಲಿಲ್ಲ. ರೇಟು ನೆಲಕಚ್ಚಿತು. ಭಾರತದ ತೊಗರಿ ಬೆಳೆಗಾರರಿಗೂ ಆ ವರ್ಷ ಬೆಲೆ ಇರಲಿಲ್ಲ ಅನ್ನೋದು ಗೊತ್ತಿದ್ದ ನನಗೆ ಇಬ್ಬರ ಸಂಕಟವೂ ಅರ್ಥವಾಗುತ್ತಿತ್ತು. ತಂಬಾಕಿನ ಬದಲು ತೊಗರಿ ಹಾಕಿ, ಅದನ್ನು ಒಂದೇ ದೇಶಕ್ಕೆ ಮಾರುತ್ತೇವೆ ಅಂತ ಕೂತರೆ ಅದೇ ಜೂಜು ಇನ್ನೊಂದು ಹೆಸರಿನಲ್ಲಿ ಅಷ್ಟೇ. ಆಮೇಲೆ 2021ರಲ್ಲಿ ಭಾರತ ಮಲಾವಿಯಿಂದ ವರ್ಷಕ್ಕೆ 50,000 ಟನ್ ತರಿಸಿಕೊಳ್ಳಲು ಒಪ್ಪಿತು. ಅಷ್ಟರಲ್ಲಿ ನಮ್ಮ ಗುಂಪುಗಳು ಲೆಕ್ಕ ಬದಲಿಸಿದ್ದವು. ತೊಗರಿ ಮೊದಲು ಮಣ್ಣಿಗೆ, ಒಲೆಗೆ, ಊಟಕ್ಕೆ. ಮಿಕ್ಕಿದ್ದು ಬೇಳೆ ಮಿಲ್ಲಿನವರಿಗೆ. ದುಡ್ಡಿನ ಬೆಳೆ ಶೇಂಗಾ.

ಆ ಲೆಕ್ಕ ಕೈಹಿಡಿದದ್ದು 2022ರಲ್ಲಿ. ಉಕ್ರೇನ್ ಯುದ್ಧದಿಂದ ಗೊಬ್ಬರದ ಬೆಲೆ ಏರಿತ್ತು. ಮೇ ತಿಂಗಳಲ್ಲಿ ಅಲ್ಲಿಯ ರಿಸರ್ವ್ ಬ್ಯಾಂಕ್ ಮಲಾವಿಯ ಹಣವಾದ ಕ್ವಾಚಾದ ಬೆಲೆ ಇಳಿಸಿದ್ದರಿಂದ ಡಾಲರು ಶೇ. 25ರಷ್ಟು ತುಟ್ಟಿಯಾಯಿತು, 2023ರ ನವೆಂಬರಿನಲ್ಲಿ ಮತ್ತೆ ಶೇ. 44. ಯೂರಿಯಾ ಚೀಲ ಮುಟ್ಟುವ ಹಾಗಿರಲಿಲ್ಲ. ಹಿಂದಿನ ವರ್ಷ ಶೇಂಗಾ, ತೊಗರಿ ಹಾಕಿದ್ದ ಹೊಲದಲ್ಲಿ ಅರ್ಧ ಗೊಬ್ಬರಕ್ಕೂ ಮೆಕ್ಕೆಜೋಳ ತೆನೆ ಕಟ್ಟಿದ್ದನ್ನು ಅಕ್ಕಪಕ್ಕದವರು ಬಂದು ನೋಡಿಕೊಂಡು ಹೋದರು.

ಇನ್ನೂ ಬಗೆಹರಿಯದ್ದು ಬೀಜ. ಶೇಂಗಾ ಬೀಜ ಭಾರ, ಬಿತ್ತನೆಗೆ ಚೀಲಗಟ್ಟಲೆ ಬೇಕು. ರೈತರು ಮನೆಯಲ್ಲೇ ಉಳಿಸಿಕೊಳ್ಳಬಹುದಾದ ಬೀಜದಲ್ಲಿ ಕಂಪನಿಗಳಿಗೆ ಲಾಭ ಕಮ್ಮಿ, ಹಾಗಾಗಿ ಆಸಕ್ತಿಯೂ ಕಮ್ಮಿ. ಒಂದು ಚೀಲ ಒಯ್ದವರು ಸುಗ್ಗಿಯಲ್ಲಿ ಎರಡು ಚೀಲ ವಾಪಸ್ ಕೊಡಬೇಕು ಅನ್ನುವ ನಿಯಮ ಗುಂಪುಗಳಲ್ಲಿದೆ. ಒಳ್ಳೆ ಮಳೆಯ ವರ್ಷ ಸರಾಗ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜವೇ ಊಟವಾಗುತ್ತದೆ. ಅಂಥ ವರ್ಷಕ್ಕೆ ಒಂದು ಪಾಲು ಬೇರೆ ಗೋದಾಮಿನಲ್ಲಿ ಬೀಗ ಹಾಕಿ ಇಡಬೇಕು, ಬೀಗದ ಕೈ ಇಬ್ಬರು ಹೆಂಗಸರ ಹತ್ತಿರ ಇರಬೇಕು ಅಂತ ಈಗ ತೀರ್ಮಾನವಾಗಿದೆ.